ಹಲ್ಲು ಕಚ್ಚಿ ಆಡುವ ಮಾತು

ವಯಸ್ಸು 29. ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸ. (ಗುರುತು ಸಿಗದಂತೆ ವಿವರ ಬದಲಿಸಿದ್ದೇವೆ.) ಕೇಳುವವರು ಪದೇಪದೇ "ಏನಂದ್ರಿ?" ಅನ್ನುತ್ತಾರೆ, ಸಂಜೆ ಹೊತ್ತಿಗೆ ಕೆನ್ನೆ ನೋಯುತ್ತದೆ ಎಂಬುದು ದೂರು. ತಮ್ಮ ನಾಲಿಗೆ ದಪ್ಪ ಎಂದು ಅವರೇ ತೀರ್ಮಾನಿಸಿಕೊಂಡು ಮಾತಿನ ಚಿಕಿತ್ಸೆಗೆ ನಮ್ಮ ಬಳಿ ಬಂದಿದ್ದರು.

ನಾಲಿಗೆ ಚೆನ್ನಾಗಿಯೇ ಇತ್ತು. ತುದಿ ಮೇಲೆತ್ತುವುದು, ಹಿಂದಕ್ಕೆ ಮಡಚುವುದು ಎಲ್ಲ ಸರಾಗ. ಬಾಯಿ ತೆರೆದಾಗ ಅವರದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸಿದವು, ದವಡೆಯ ಕೀಲಿನಲ್ಲಿ ನೋವಿಲ್ಲ. ಮಾತು ಶುರುವಾದಾಗ ಮಾತ್ರ ಕೆಳದವಡೆ ಅಲ್ಲಾಡಲೇ ಇಲ್ಲ ಅನ್ನಬೇಕು. 'ನಾಡು' ಹೋಗಿ 'ನಡು' ಆಯಿತು, 'ಕಾಡು' ಹೋಗಿ 'ಕಡು'. ನಿಧಾನವಾಗಿ ಓದಿಸಿದರೆ 'ಹಾಳು' ಸರಿಯಾಗಿ ಬರುತ್ತಿತ್ತು. ವೇಗ ಹಿಡಿದರೆ ಅದೇ 'ಹಾಲು'.

ನಾಲಿಗೆಯ ಮುಖ್ಯ ಸ್ನಾಯು ಹೊರಡುವುದೇ ಕೆಳದವಡೆಯ ಒಳಬದಿಯಿಂದ, ಗದ್ದದ ಹಿಂದಿನಿಂದ. ದವಡೆ ಇಳಿದರೆ ನಾಲಿಗೆಯೂ ಇಳಿಯುತ್ತದೆ, ಏರಿದರೆ ಏರುತ್ತದೆ. 'ಆ' ಎನ್ನಲು ದವಡೆ ಧಾರಾಳವಾಗಿ ಇಳಿಯಬೇಕು, 'ಈ'ಗೆ ಅಷ್ಟು ಬೇಡ, 'ಸ' ಬಂದಾಗ ಮೇಲಿನ ಕೆಳಗಿನ ಹಲ್ಲುಗಳ ನಡುವೆ ತೆಳು ಸಂದಿಯಷ್ಟೇ ಉಳಿಯಬೇಕು. ದವಡೆಯನ್ನು ಬಿಗಿಹಿಡಿದರೆ ಈ ಏರಿಳಿತವೆಲ್ಲ ನಾಲಿಗೆಯೊಂದರ ಪಾಲಿಗೆ ಬೀಳುತ್ತದೆ. ನಿಧಾನವಾಗಿ ಆಡುವಾಗ ಅದು ಹೇಗೋ ನಿಭಾಯಿಸುತ್ತದೆ; ವೇಗದಲ್ಲಿ ಗುರಿ ಮುಟ್ಟುವ ಮೊದಲೇ ಮುಂದಿನ ಅಕ್ಷರಕ್ಕೆ ಓಡಬೇಕಾಗುತ್ತದೆ.

ಎರಡನೆಯ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಂತು: ಉಚ್ಚಾರ ತಿದ್ದಿಕೊಳ್ಳಲು ದಿನಾ ಅರ್ಧ ಗಂಟೆ ಪೆನ್ಸಿಲ್ ಕಚ್ಚಿಕೊಂಡು ಓದುತ್ತಿದ್ದರು. ಮೊದಲು ನಿಲ್ಲಿಸಿದ್ದು ಅದನ್ನೇ. ಕಚ್ಚುವ ಸ್ನಾಯು ಆಗಲೇ ಕಲ್ಲಿನಂತಿರುವಾಗ ಮತ್ತೆ ಕಚ್ಚಿಸುವುದು ಯಾವ ಚಿಕಿತ್ಸೆ?

ಸುಮ್ಮನಿರುವಾಗ ತುಟಿ ಮುಚ್ಚಿರಲಿ, ಹಲ್ಲು 2–3 ಮಿ.ಮೀ. ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಮುಂಹಲ್ಲುಗಳ ಹಿಂದಿನ ಉಬ್ಬಿಗೆ ತಾಗಿರಲಿ ಎಂದೆವು. ಪ್ರತಿ ಕರೆ ಮುಗಿದಾಗಲೂ ಇದನ್ನೊಮ್ಮೆ ನೋಡಿಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ ಉಳಿದೆಲ್ಲ ವ್ಯಾಯಾಮಕ್ಕಿಂತ ಇದರದೇ ತೂಕ ಹೆಚ್ಚು.

ಆಮೇಲೆ ಕನ್ನಡಿಯ ಮುಂದೆ, ಕಿವಿಯ ಮುಂಭಾಗದ ಕೀಲಿನ ಮೇಲೆ ಬೆರಳಿಟ್ಟು 'ಆ–ಈ' 10 ಸಲ. ದವಡೆ ತನ್ನ ಭಾರಕ್ಕೆ ನೇರ ಕೆಳಗೆ ಬೀಳಬೇಕು. ಬಹಳ ಜನ ಗದ್ದವನ್ನು ಮುಂದಕ್ಕೆ ತಳ್ಳುತ್ತಾರೆ, ಇವರೂ ತಳ್ಳಿದರು. ಹಾಗೆ ಮಾಡಿದರೆ ಕೀಲಿಗೆ ಹೊಸ ನೋವು. ದವಡೆ ನೇರ ಇಳಿಯುವುದು ಕೈಗೂಡಿದ ಮೇಲೆ ಬಾಯಿ ಒಂದು ಬೆರಳಗಲ ತೆರೆದು, ಗದ್ದಕ್ಕೆ ಹೆಬ್ಬೆರಳು ಹಗುರವಾಗಿ ಆನಿಸಿ, ದವಡೆಯನ್ನು ಬಿಗಿಹಿಡಿಯದೆ, ಆದರೆ ಕದಲದಂತೆ 'ಲ–ಲ–ಲ', 'ಳ–ಳ–ಳ'. ಕೊನೆಗೆ 'ನಾಡು–ನಡು', 'ಹಾಲು–ಹಾಳು' ಜೋಡಿಗಳು. ಒಮ್ಮೆಗೆ 5 ನಿಮಿಷ, ದಿನಕ್ಕೆ 3 ಸಲ, ಅಷ್ಟೇ.

(ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಮುಖ ಒಂದು ಬದಿಗೆ ಸೊಟ್ಟಗಾದರೆ ಈ ಯಾವುದೂ ಅಲ್ಲ, ತಕ್ಷಣ ಆಸ್ಪತ್ರೆಗೆ.)

ಮೊದಲು ಇಳಿದದ್ದು ಸಂಜೆಯ ನೋವು. ಆರನೆಯ ವಾರಕ್ಕೆ 'ಆ' ಅಗಲವಾಯಿತು, "ಏನಂದ್ರಿ" ಕಡಿಮೆಯಾಯಿತು. ಅವಸರದಲ್ಲಿ 'ಳ' ಈಗಲೂ ಜಾರುತ್ತದೆ. ದವಡೆಹಲ್ಲುಗಳು ಸವೆದದ್ದು ಕಂಡಿದ್ದರಿಂದ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೇನೋ ನೋಡಲು ದಂತವೈದ್ಯರ ಬಳಿ ಕಳುಹಿಸಿದ್ದೇವೆ.