ಓದುಗರ ಪ್ರಶ್ನೆ: ಕಾಂಟ್ ಏನು ಹೇಳಿದ ಅಜ್ಜ?

ಪ್ರಶ್ನೆ: ಬ್ಯಾಂಕ್ ಕೆಲಸದಿಂದ ನಿವೃತ್ತನಾದ ಮೇಲೆ ತತ್ತ್ವಶಾಸ್ತ್ರದ ಹುಚ್ಚು ಹಿಡಿಯಿತು. ವಿಲ್ ಡ್ಯುರಾಂಟ್ ಅವರ ‘ದಿ ಸ್ಟೋರಿ ಆಫ್ ಫಿಲಾಸಫಿ’ ಮುಗಿಸಿದೆ. ಓದುವಾಗ ಎಲ್ಲವೂ ಅರ್ಥವಾದಂತಿತ್ತು. ಈಗ ಮೊಮ್ಮಗ ‘ಕಾಂಟ್ ಏನು ಹೇಳಿದ ಅಜ್ಜ?’ ಎಂದರೆ ಬಾಯಿ ಕಟ್ಟುತ್ತದೆ. ತಪ್ಪು ವಯಸ್ಸಿನದೋ, ಪುಸ್ತಕದ್ದೋ?
– ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ

ಉತ್ತರ: ಜರ್ಮನ್ ತತ್ತ್ವಜ್ಞಾನಿ ಕಾಂಟ್ ವಾಯುವಿಹಾರಕ್ಕೆ ಹೊರಟನೆಂದರೆ ಅವನ ಊರಾದ ಕೋನಿಗ್ಸ್‌ಬರ್ಗ್‌ನ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಈ ಕಥೆ ನೆನಪಿದೆ ತಾನೇ? ಹಾಗಾದರೆ ವಯಸ್ಸನ್ನು ದೂರಬೇಡಿ. ಡ್ಯುರಾಂಟ್ ಒಳ್ಳೆಯ ಕಥೆಗಾರರು. ಅಗ್ಗದ ಕಿರುಹೊತ್ತಗೆಗಳಾಗಿ ಬಂದಿದ್ದ ಬರಹಗಳು 1926ರಲ್ಲಿ ಈ ಪುಸ್ತಕವಾದವು. ಆದರೆ ಅದರಲ್ಲಿ ಡೇಕಾರ್ಟ್‌ಗೆ ಒಂದು ಅಧ್ಯಾಯವಿಲ್ಲ, ಹ್ಯೂಮ್‌ಗೂ ಇಲ್ಲ, ವೋಲ್ಟೇರ್‌ಗೆ ಇದೆ. ಬದುಕು ರಸವತ್ತಾಗಿದ್ದವರಿಗೆ ಎಲೆ ಮುಂದೆ ಹಾಕಿದರೇನೋ ಎಂದು ನನ್ನ ಗುಮಾನಿ.

ನೀವು ಉಡುಪಿಯವರು, ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಕೇಳಿಯೇ ಇರುತ್ತೀರಿ. ವಾಲಿವಧೆಯಲ್ಲಿ ಬಾಣ ತಾಗಿ ವಾಲಿ ಉರುಳಿದ ಮೇಲೆಯೇ ಜನ ಸರಿಯಾಗಿ ಎದ್ದು ಕೂರುವುದು. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ. ರಾಮನಾಗಿ ಮಾತಾಡುವ ಅರ್ಥಧಾರಿ ಏನೆಂದರೂ ಬಿಡುವುದಿಲ್ಲ. ಆ ವಾದವನ್ನು ಮರುದಿನ ಚಹಾ ಕುಡಿಯುತ್ತ ನೀವು ಒಪ್ಪಿಸಬಲ್ಲಿರಿ, ಏಕೆಂದರೆ ಕೇಳುವಾಗ ಮನಸ್ಸಿನಲ್ಲೇ ಒಂದು ಪಕ್ಷ ಹಿಡಿದು ನೀವೂ ಅರ್ಥ ಹೇಳಿರುತ್ತೀರಿ. ಹಾಗೆ ಎದುರು ಮಾತಿಗೆ ಎಳೆಯುವ ಪುಸ್ತಕ ಬೇಕು.

ಬರ್ಟ್ರಂಡ್ ರಸೆಲ್ 1912ರಲ್ಲಿ ಸಾಮಾನ್ಯ ಓದುಗರಿಗೆಂದೇ ಬರೆದ ‘ದಿ ಪ್ರಾಬ್ಲಮ್ಸ್ ಆಫ್ ಫಿಲಾಸಫಿ’ ಅಂಥದ್ದು. ಸಣ್ಣ ಪುಸ್ತಕ, 15 ಅಧ್ಯಾಯ. ಮೊದಲ ಅಧ್ಯಾಯದಲ್ಲಿರುವುದು ಒಂದು ಮೇಜು. ಬೆಳಕು ಬಿದ್ದಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ, ನೀವು ಪಕ್ಕಕ್ಕೆ ಸರಿದರೆ ಹೊಳಪೂ ಸರಿಯುತ್ತದೆ. ಬರಿಗಣ್ಣಿಗೆ ನುಣುಪು, ಸೂಕ್ಷ್ಮದರ್ಶಕದಲ್ಲಿ ಉಬ್ಬುತಗ್ಗು. ಹಾಗಾದರೆ ಅದರ ನಿಜವಾದ ಬಣ್ಣ ಯಾವುದು? ನಿಜವಾದ ಮೇಜು ಎಂಬುದೊಂದು ಇದೆಯೇ? ಅಲ್ಲಿಗೆ ಪುಸ್ತಕ ಮುಚ್ಚಿ, ಮೊಮ್ಮಗನನ್ನು ಊಟದ ಮೇಜಿನ ಮುಂದೆ ಕೂರಿಸಿಕೊಂಡು ರಸೆಲ್‌ಗೆ ಎದುರು ಹೇಳಿ. ನನ್ನ ಪ್ರತಿಯ ಅಂಚಿನಲ್ಲಿ ‘ಇಲ್ಲ ಸ್ವಾಮಿ’ ಎಂದು ಪೆನ್ಸಿಲಿನಲ್ಲಿ ಬರೆದ ಜಾಗಗಳು ಹಲವಿವೆ. ರಸೆಲ್ ಅವರದೇ 1945ರ ತತ್ತ್ವಶಾಸ್ತ್ರದ ದಪ್ಪ ಇತಿಹಾಸ ಸದ್ಯಕ್ಕೆ ಬೇಡ. ನೀತ್ಶೆಯ ಮೇಲೆ ಅವರು ಕಾರುವ ಸಿಟ್ಟು ಓದಲು ಮಜವಾಗಿದೆ. ನೀತ್ಶೆ ಮಾತ್ರ ಕೈಗೆ ಸಿಗುವುದಿಲ್ಲ.

ಭಾರತೀಯ ದರ್ಶನಗಳಿಗೆ ಎಂ. ಹಿರಿಯಣ್ಣನವರನ್ನು ಹಿಡಿಯಿರಿ. ಆದರೆ ಮಧ್ವಾಚಾರ್ಯರ ಊರಿನವರೆಂದು ದ್ವೈತ ಹುಡುಕಿಕೊಂಡು 1932ರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ತೆರೆದರೆ ಅದು ವಿಶಿಷ್ಟಾದ್ವೈತಕ್ಕೇ ಮುಗಿದುಬಿಡುತ್ತದೆ. ಅವರದೇ 1949ರ ‘ದಿ ಎಸೆನ್ಷಿಯಲ್ಸ್ ಆಫ್ ಇಂಡಿಯನ್ ಫಿಲಾಸಫಿ’ ಕೊಳ್ಳಿ. ಅದರಲ್ಲಿ ದ್ವೈತವೂ ಇದೆ, ಗಾತ್ರವೂ ಕಡಿಮೆ. ದೇವರು, ಜೀವ, ಜಡಗಳ ನಡುವಿನ ಐದು ಭೇದಗಳನ್ನು ಹೇಳುವ, ಜಡ–ಜಡಗಳ ನಡುವಿನ ಭೇದವೂ ಸತ್ಯ ಎನ್ನುವ ದ್ವೈತದ ಪಂಚಭೇದವನ್ನು ರಸೆಲ್‌ನ ಮೇಜಿನ ಪಕ್ಕಕ್ಕೆ ತಂದಿಟ್ಟರೆ ಮನೆಯಲ್ಲಿ ರಾತ್ರಿಯ ಊಟ ತಡವಾದೀತು.

ಪ್ರಶ್ನೆ: ಮಗಳು ಮಾರ್ಕಸ್ ಅರೀಲಿಯಸ್‌ನ ‘ಮೆಡಿಟೇಷನ್ಸ್’ ಕೊಡಿಸಿದ್ದಾಳೆ. ಆರಂಭದಲ್ಲೇ ಬೇಸರ ಬಂತು. ಬಿಡಲೇ?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಮೊದಲ ಭಾಗ ಬಂಧುಗಳಿಗೂ ಗುರುಗಳಿಗೂ ಸಲ್ಲಿಸಿದ ಕೃತಜ್ಞತೆಯ ಪಟ್ಟಿ, ಯಾರಿಗಾದರೂ ಬೇಸರವೇ. ರೋಮ್‌ನ ಚಕ್ರವರ್ತಿ ಮಾರ್ಕಸ್ ತನಗಾಗಿ ಬರೆದುಕೊಂಡ ಟಿಪ್ಪಣಿಗಳಿವು, ಕ್ರಮ ಹುಡುಕಬೇಡಿ. ಎರಡನೆಯ ಭಾಗ ತೆರೆಯಿರಿ. ಇಂದು ಅಧಿಕಪ್ರಸಂಗಿಗಳು, ಕೃತಘ್ನರು, ಹೊಟ್ಟೆಕಿಚ್ಚಿನವರು ಎದುರಾಗುತ್ತಾರೆ ಎಂದು ಬೆಳಿಗ್ಗೆಯೇ ತನಗೆ ತಾನು ಹೇಳಿಕೊಳ್ಳುತ್ತಾನೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ದಿನವೂ ಬಸ್ ಹತ್ತುವವರಿಗೆ ಇದು ಬೇಗ ಹಿಡಿಸುತ್ತದೆ.