ಬ್ಯಾಂಕಿಗೊಂದು ಬ್ರೌಸರ್, ಉಳಿದದ್ದಕ್ಕೆ ಇನ್ನೊಂದು

ಪ್ರಶ್ನೆ: ಉಡುಪಿ ರಥಬೀದಿ ಹತ್ತಿರ ನಮ್ಮದು ಸಣ್ಣ ಸ್ಟೇಷನರಿ ಅಂಗಡಿ. ಜಿಎಸ್‌ಟಿ, ಬ್ಯಾಂಕ್, ಯೂಟ್ಯೂಬ್ ಎಲ್ಲ ಒಂದೇ ಕಂಪ್ಯೂಟರಿನಲ್ಲಿ. ಒಮ್ಮೆ ಮಿಕ್ಸಿ ಬೆಲೆ ನೋಡಿದರೆ ವಾರವಿಡೀ ಮಿಕ್ಸಿಯದ್ದೇ ಜಾಹೀರಾತು. ಅಳಿಯ ಟಾರ್ ಬ್ರೌಸರ್ ಹಾಕಿಕೊಟ್ಟ, ಅದರಲ್ಲಿ ಬ್ಯಾಂಕ್ ಸೈಟೇ ತೆರೆಯುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಲಿ ಸರ್?

ಉತ್ತರ: ನಿಮ್ಮ ಕೆಲಸಕ್ಕೆ ಟಾರ್ ಬೇಡ. ಅದು ಕೆಟ್ಟದ್ದು ಅಂತಲ್ಲ. ನೀವು ಎಲ್ಲಿಂದ ನೋಡುತ್ತಿದ್ದೀರಿ ಅನ್ನುವುದು ಸೈಟಿಗೆ ತಿಳಿಯದ ಹಾಗೆ ಅದು ನಿಮ್ಮ ಸಂಪರ್ಕವನ್ನು ಬೇರೆ ಬೇರೆ ಕಡೆಯ ಮೂರು ಕಂಪ್ಯೂಟರ್ ಸುತ್ತಿಸಿ ಕಳಿಸುತ್ತದೆ, ಅದಕ್ಕೇ ನಿಧಾನ. ಉಡುಪಿಯ ಗ್ರಾಹಕರು ಇದ್ದಕ್ಕಿದ್ದಂತೆ ಜರ್ಮನಿಯಿಂದ ಬಂದ ಹಾಗೆ ಕಂಡರೆ ಬ್ಯಾಂಕಿಗೆ ಅನುಮಾನ ಬರುತ್ತದೆ ಅಲ್ವಾ? ಅಷ್ಟಕ್ಕೂ ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲೇ ಲಾಗಿನ್ ಆಗುತ್ತೀರಿ. ಅಲ್ಲಿ ಮುಚ್ಚಿಡುವುದು ಏನುಂಟು?

ಮಿಕ್ಸಿ ಜಾಹೀರಾತು ಬೆನ್ನು ಹತ್ತುವುದು ಒಂದು ತೊಂದರೆ, ಖಾತೆಯ ದುಡ್ಡು ಹೋಗುವುದು ಬೇರೆಯೇ ತೊಂದರೆ. ಎರಡನೆಯದಕ್ಕೆ ಕ್ರೋಮ್ ಗಟ್ಟಿಯೇ. ಒಂದು ಸೈಟ್ ಇನ್ನೊಂದರ ಮಾಹಿತಿಗೆ ಕೈ ಹಾಕದಂತೆ ಅವನ್ನು ಬೇರೆ ಬೇರೆಯಾಗಿ ಓಡಿಸುತ್ತದೆ, ದೋಷ ಸಿಕ್ಕರೆ ಬೇಗ ಸರಿಮಾಡುತ್ತಾರೆ. ಆದರೆ ಗೂಗಲ್ಲಿನ ಮುಖ್ಯ ಸಂಪಾದನೆಯೇ ಜಾಹೀರಾತು. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಅನ್ನುವ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಸಣ್ಣ ತಂತ್ರಾಂಶ) ಈಗ ಕ್ರೋಮಿನಲ್ಲಿ ನಡೆಯುವುದಿಲ್ಲ, ಅದರ ಲೈಟ್ ರೂಪ ಮಾತ್ರ ಉಂಟು. ಫೈರ್‌ಫಾಕ್ಸಿನಲ್ಲಿ ಪೂರ್ತಿ ನಡೆಯುತ್ತದೆ. ಜೊತೆಗೆ 2022ರಿಂದ ಫೈರ್‌ಫಾಕ್ಸ್ ಪ್ರತಿ ಸೈಟಿನ ಕುಕಿಯನ್ನೂ (ನಿಮ್ಮನ್ನು ಗುರುತಿಡಲು ಸೈಟ್ ಬ್ರೌಸರಿನಲ್ಲಿ ಇಡುವ ಸಣ್ಣ ಚೀಟಿ) ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ, ಹಾಗಾಗಿ ಜಾಹೀರಾತಿಗೆ ಸೈಟಿಂದ ಸೈಟಿಗೆ ಬೆನ್ನು ಹತ್ತುವುದು ಕಷ್ಟ. ಹಾಗಂತ ಗೂಗಲ್ ಖಾತೆಗೆ ಲಾಗಿನ್ ಆಗಿಯೇ ಹುಡುಕಿದರೆ ಗೂಗಲ್ಲಿಗೆ ಗೊತ್ತಾಗಿಯೇ ಆಗುತ್ತದೆ, ಅದಕ್ಕೆ ಯಾವ ಬ್ರೌಸರೂ ಮದ್ದಲ್ಲ.

ಹಾಗಾಗಿ ಎರಡು ಇಟ್ಟುಕೊಳ್ಳಿ. ಬ್ಯಾಂಕ್, ಜಿಎಸ್‌ಟಿಗೆ ಕ್ರೋಮ್ ಅಥವಾ ಎಡ್ಜ್, ಅದಕ್ಕೆ ಒಂದೇ ಒಂದು ಎಕ್ಸ್‌ಟೆನ್ಷನ್ ಕೂಡ ಹಾಕಬೇಡಿ ಮಾರಾಯ್ರೆ. ಅನುಮತಿ ಪಡೆದ ಎಕ್ಸ್‌ಟೆನ್ಷನ್ ನೀವು ತೆರೆದ ಪುಟವನ್ನೆಲ್ಲ ಓದಬಲ್ಲದು. ಇವತ್ತು ಒಳ್ಳೆಯವರ ಕೈಲಿರುವುದನ್ನು ನಾಳೆ ಬೇರೆ ಯಾರೋ ಕೊಂಡುಕೊಳ್ಳಬಹುದು. ಬ್ಯಾಂಕಿನ ವಿಳಾಸ ಬುಕ್‌ಮಾರ್ಕ್ ಮಾಡಿ ಅಲ್ಲಿಂದಲೇ ತೆರೆಯಿರಿ. ಹುಡುಕಲು ಹೋದರೆ ನಕಲಿ ಸೈಟಿನ ಜಾಹೀರಾತು ಮೇಲೆ ಬಂದು ಕೂತಿರಬಹುದು. ಉಳಿದದ್ದೆಲ್ಲ ಫೈರ್‌ಫಾಕ್ಸಿನಲ್ಲಿ, ಯುಬ್ಲಾಕ್ ಒಂದೇ ಸಾಕು. ಯಾವುದಾದರೂ ಸೈಟ್ ಸರಿ ಕಾಣದಿದ್ದರೆ ಆ ಸೈಟಿಗೆ ಮಾತ್ರ ಅದನ್ನು ಆಫ್ ಮಾಡಿ.

ಇನ್‌ಕಾಗ್ನಿಟೋ, ಅಂದರೆ ಹಿಸ್ಟರಿ ಉಳಿಸದ ಖಾಸಗಿ ವಿಂಡೋ, ನಂಬಿ ಕೂರಬೇಡಿ. ಅಂಗಡಿ ಹುಡುಗರಿಗೆ ನಿಮ್ಮ ಹಿಸ್ಟರಿ ಕಾಣುವುದಿಲ್ಲ, ಅಷ್ಟೇ.

ಇನ್ನು ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಅಂತ ನೀವು ಬರೆದಿಲ್ಲ. 7 ಆಗಿದ್ದರೆ ಕ್ರೋಮ್ 2023ರಲ್ಲೇ 109ನೇ ಆವೃತ್ತಿಗೆ ನಿಂತುಹೋಗಿದೆ. ಅದರಲ್ಲಿ ಬ್ಯಾಂಕ್ ತೆರೆಯಲೇಬೇಡಿ, ಹೊಸ ಕಂಪ್ಯೂಟರ್ ಬರುವವರೆಗೆ ಆ ಕೆಲಸ ಅಪ್‌ಡೇಟ್ ಸಿಗುವ ಮೊಬೈಲಿನಲ್ಲೇ ಮಾಡಿ.