ರೆಕ್ಕೆ ಮುಚ್ಚುವ ಮೊದಲು ಆಟೋಪೈಲಟ್‌ಗಾಗಿ ಏನೇನು ಮಾಡಿಟ್ಟುಕೊಳ್ಳಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು ಎಂದುಕೊಂಡಿದ್ದೇನೆ. ಎರಡು ಆಸನದ ಅಲ್ಯೂಮಿನಿಯಂ ಕಿಟ್ ವಿಮಾನ ಕಟ್ಟುತ್ತಿದ್ದೀರಿ. ಬಾಲದ ಕೆಲಸ ಮುಗಿದಿದೆ, ರೆಕ್ಕೆಯ ಕೆಳಹೊದಿಕೆಗೆ ರಿವೆಟ್ ಹೊಡೆಯುವುದು ಬಾಕಿ. ಆಟೋಪೈಲಟ್ ಬೇಕೇ ಬೇಕು, ಆದರೆ ಯಾವುದು ಎಂದು ತೀರ್ಮಾನಿಸಿಲ್ಲ. ಎಲ್ಲವನ್ನೂ ಈಗಲೇ ಕೊಂಡುಬಿಡಬೇಕೇ, ಎಂಜಿನ್ ಕೂರಿಸಿದ ಮೇಲೆ ನೋಡಿಕೊಂಡರೆ ಸಾಕೇ ಎಂಬುದು ಮುಖ್ಯ ಪ್ರಶ್ನೆ. ಯಾ ಡ್ಯಾಂಪರ್, ಅಂದರೆ ಮೂತಿ ಎಡಬಲಕ್ಕೆ ತೂಗಾಡದಂತೆ ಬಾಲದ ಚುಕ್ಕಾಣಿಯನ್ನು (ರಡ್ಡರ್) ತಾನೇ ಆಡಿಸುವ ಸಾಧನ, ಬೇಕೇ ಎಂಬುದು ಅದರ ಬಾಲಂಗೋಚಿ.

ಹಾರಾಟದ ಮಾಹಿತಿ ತೋರಿಸುವ ಎಲೆಕ್ಟ್ರಾನಿಕ್ ಪರದೆಗಳನ್ನು ಎಷ್ಟು ತಡವಾಗಿ ಕೊಳ್ಳಲು ಸಾಧ್ಯವೋ ಅಷ್ಟು ತಡವಾಗಿ ಕೊಳ್ಳಿ. ಸರ್ವೋ, ಅಂದರೆ ಆಟೋಪೈಲಟ್‌ನ ಆಜ್ಞೆಯಂತೆ ನಿಯಂತ್ರಣಗಳನ್ನು ಆಡಿಸುವ ಮೋಟಾರು, ಅದನ್ನು ಕೂರಿಸುವ ಬ್ರಾಕೆಟ್‌ಗಳನ್ನು ಮಾತ್ರ ರೆಕ್ಕೆ ಮುಚ್ಚುವ ಮುನ್ನ ತರಿಸಿ ಕೂರಿಸಿಬಿಡಿ. ನಾನು ಸರಿಯಾಗಿ ಇದರ ತಿರುವುಮುರುವು ಮಾಡಿದವನು. ಮೊದಲ ವರ್ಷವೇ ದೊಡ್ಡ ಪರದೆ ತಂದು ಮೇಜಿನ ಮೇಲೆ ಬ್ಯಾಟರಿಗೆ ಜೋಡಿಸಿ, ಒಳಗಿನ ಸಂವೇದಕವನ್ನು ಕೈಯಲ್ಲಿ ಓಲಾಡಿಸುತ್ತಾ ಕೃತಕ ದಿಗಂತ ವಾಲುವುದನ್ನು ನೋಡಿ ಸುಖಪಡುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಹಾಗೆ. ವಿಮಾನ ಹಾರುವ ಹೊತ್ತಿಗೆ ಅದರ ವಾರಂಟಿ ಮುಗಿದಿತ್ತು, ಹೊಸ ಮಾದರಿ ಬಂದಿತ್ತು.

ಇತ್ತ ರೋಲ್ ಸರ್ವೋ (ವಿಮಾನವನ್ನು ಪಕ್ಕಕ್ಕೆ ವಾಲಿಸುವುದು) ಬ್ರಾಕೆಟ್ ಆಮೇಲೆ ಹಾಕಿದರಾಯಿತು ಎಂದು ರೆಕ್ಕೆ ಮುಚ್ಚಿಬಿಟ್ಟಿದ್ದೆ. ಆಮೇಲೆ ತಪಾಸಣೆ ಕಿಂಡಿಯೊಳಗೆ ಮೊಣಕೈವರೆಗೆ ತೂರಿಸಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು ಕೆಲಸ. ವಾಷರ್ ಜಾರದಿರಲೆಂದು ಬೆರಳ ತುದಿಗೆ ಚೂರು ಗ್ರೀಸ್ ಹಚ್ಚಿ ಅಂಟಿಸಿಕೊಳ್ಳುತ್ತಿದ್ದೆ. ಬೋಲ್ಟ್‌ನ ತುದಿಗೆ ಅದು ಮುಟ್ಟಿತು ಎನ್ನುವಾಗ ನಟ್ ಕೈತಪ್ಪಿ, ರೆಕ್ಕೆಯೊಳಗಿನ ಪಕ್ಕೆಲುಬುಗಳ, ಅಂದರೆ ಅಡ್ಡ ಆಧಾರಗಳ, ತೂತುಗಳ ಮೂಲಕ ಟಿಣ್ ಟಿಣ್ ಎಂದು ರೆಕ್ಕೆಯ ತುದಿಯವರೆಗೂ ಉರುಳುವ ಸದ್ದು. ಒಂದೇ ಒಂದು ಬ್ರಾಕೆಟ್‌ಗೆ ನಾಲ್ಕು ಸಂಜೆ ಹೋದವು. ಹೊದಿಕೆ ತೆರೆದಿದ್ದಾಗ ಅದು ಅರ್ಧ ಗಂಟೆಯ ಕೆಲಸ.

ಈಗ ಒಂದು ತೊಡಕು. ಕಿಟ್ ವಿಮಾನಗಳಿಗೆ ಇಂದು ಸಿಗುವ ಬಹುಪಾಲು ಆಟೋಪೈಲಟ್‌ಗಳು ಪ್ರತ್ಯೇಕ ಪೆಟ್ಟಿಗೆಗಳಲ್ಲ. ಲೆಕ್ಕಾಚಾರವೆಲ್ಲ ಪರದೆಯ ವ್ಯವಸ್ಥೆಯೊಳಗೇ ನಡೆಯುತ್ತದೆ, ಸರ್ವೋ ಬರೀ ಸ್ನಾಯು. ಹಾಗಾಗಿ ಡೈನನ್ ಕಂಪನಿಯ ಸರ್ವೋ ಹಾಕಿ ಗಾರ್ಮಿನ್ ಕಂಪನಿಯ ಪರದೆ ಕೊಳ್ಳುವ ಹಾಗಿಲ್ಲ. ದುಡ್ಡು ಆಮೇಲೆ ಕೊಡಿ, ಆದರೆ ಯಾವ ಕುಟುಂಬದ ಉಪಕರಣ ಎಂಬುದನ್ನು ಈಗಲೇ ನಿಶ್ಚಯಿಸಿಕೊಳ್ಳಬೇಕು. ನಿಮ್ಮ ವಿಮಾನದ ಮಾದರಿಗೆಂದೇ ತಯಾರಾದ ಬ್ರಾಕೆಟ್ ಕಿಟ್ ಯಾರ ಬಳಿ ಇದೆ ಎಂದು ಮೊದಲು ನೋಡಿ. ವ್ಯಾನ್ಸ್ ಆರ್‌ವಿ-7ರಂತಹ ಜನಪ್ರಿಯ ಮಾದರಿಗಳಿಗೆ ಇವು ಸಿದ್ಧವಾಗಿಯೇ ಸಿಗುತ್ತವೆ: ರೋಲ್ ಸರ್ವೋ ರೆಕ್ಕೆಯೊಳಗೆ ಏಲೆರಾನ್ (ರೆಕ್ಕೆಯ ಹಿಂಅಂಚಿನ ವಾಲಿಸುವ ಫಲಕ) ಬೆಲ್‌ಕ್ರ್ಯಾಂಕ್ ಪಕ್ಕ, ಮೂತಿಯನ್ನು ಮೇಲೆ ಕೆಳಗೆ ಮಾಡುವ ಪಿಚ್ ಸರ್ವೋ ಹಿಂಬದಿಯ ದೇಹದಲ್ಲಿ ಎಲಿವೇಟರ್ (ಬಾಲದ ಅಡ್ಡ ಫಲಕ) ಬೆಲ್‌ಕ್ರ್ಯಾಂಕ್ ಪಕ್ಕ. ಬೆಲ್‌ಕ್ರ್ಯಾಂಕ್ ಎಂದರೆ ರಾಡಿನ ಚಲನೆಯ ದಿಕ್ಕು ಬದಲಿಸುವ ಸನ್ನೆ. ಅಪರೂಪದ ಮಾದರಿಯಾದರೆ ಬ್ರಾಕೆಟ್ ನೀವೇ ಮಾಡಬೇಕಾಗುತ್ತದೆ. ಹಾಗಾದರೆ ಮುಂದಿನ ಮಾತನ್ನು ಎರಡು ಸಲ ಓದಿ.

ಸರ್ವೋದ ತೋಳಿಗೂ ಬೆಲ್‌ಕ್ರ್ಯಾಂಕ್‌ಗೂ ನಡುವೆ ಒಂದು ಸಣ್ಣ ಪುಶ್‌ರಾಡ್ ಇರುತ್ತದೆ. ಸ್ಟಿಕ್ಕನ್ನು, ಅಂದರೆ ಪೈಲಟ್ ಹಿಡಿಯುವ ನಿಯಂತ್ರಣ ಕೋಲನ್ನು, ಕೊನೆಯವರೆಗೆ ತಳ್ಳಿದಾಗ ಆ ತೋಳೂ ರಾಡೂ ಒಂದೇ ಗೆರೆಗೆ ಬಂದುಬಿಟ್ಟರೆ, ತೋಳು ಆಚೆ ಬದಿಗೆ ಮಗುಚಿಕೊಳ್ಳಬಹುದು. ಮಗುಚಿಕೊಂಡರೆ ಸ್ಟಿಕ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಆಟೋಪೈಲಟ್ ಆರಿಸಿದರೂ ಬಿಡುವುದಿಲ್ಲ. ತೋಳು ಎಷ್ಟು ಡಿಗ್ರಿವರೆಗೆ ತಿರುಗಬಹುದು ಎಂಬ ಮಿತಿ ತಯಾರಕರ ಕೈಪಿಡಿಯಲ್ಲಿರುತ್ತದೆ. ಕೋನಮಾಪಕ ಹಿಡಿದು ಎರಡೂ ತುದಿಗಳಲ್ಲಿ ಅಳೆಯಿರಿ, ಯಾಂತ್ರಿಕ ತಡೆ ಹಾಕಿ. ರಾಡ್ ತುದಿಯ ಬೇರಿಂಗ್ ಎಂದಾದರೂ ಬಿಟ್ಟುಕೊಂಡರೂ ರಾಡ್ ಕಳಚಿ ಬೀಳದಂತೆ ಹೊರಬದಿಗೆ ಅಗಲ ವಾಷರ್ ಇರಲಿ. ಇಡೀ ಜೋಡಣೆಯಲ್ಲಿ ಪ್ರಾಣಕ್ಕೆ ನೇರವಾಗಿ ಸಂಬಂಧಪಟ್ಟ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಆದರೆ ಹೆಚ್ಚಿನವರು ಚರ್ಚಿಸುವುದು ಪರದೆ ಹತ್ತು ಅಂಗುಲವೋ ಏಳು ಅಂಗುಲವೋ ಎಂಬುದನ್ನು.

ಸರ್ವೋ ದೊಡ್ಡದಾದಷ್ಟೂ ಒಳ್ಳೆಯದು ಎಂಬ ಭ್ರಮೆಯೂ ಬೇಡ. ಅದು ಹಟ ಹಿಡಿದಾಗ ನಿಮ್ಮ ಕೈ ಅದನ್ನು ಮೀರಿಸಬೇಕು. ಅದಕ್ಕೆಂದೇ ಹಲವು ಸರ್ವೋಗಳಲ್ಲಿ ಜಾರುವ ಕ್ಲಚ್ಚೋ, ಮುರಿಯುವ ಪಿನ್ನೋ ಇರುತ್ತದೆ. ನಿಮ್ಮ ಮಾದರಿಗೆ ಶಿಫಾರಸು ಮಾಡಿದ ಗಾತ್ರಕ್ಕೇ ಅಂಟಿಕೊಳ್ಳಿ.

ಹೊದಿಕೆ ತೆರೆದಿರುವಾಗಲೇ ತಂತಿ ಹಾಯಿಸಲು ಪ್ಲಾಸ್ಟಿಕ್ ಕೊಳವೆಯೊಂದನ್ನು ರೆಕ್ಕೆಯುದ್ದಕ್ಕೂ ಎಳೆದಿಡಿ, ಒಳಗೆ ನೈಲಾನ್ ದಾರವೊಂದು ಸದಾ ಇರಲಿ. ತಂತಿ ಟೆಫ್‌ಜೆಲ್ ಎಂಬ ಶಾಖ ತಾಳುವ ಪ್ಲಾಸ್ಟಿಕ್ ಹೊದಿಕೆಯದ್ದೇ ಆಗಬೇಕು. ಪಿವಿಸಿ ಹೊತ್ತಿಕೊಂಡರೆ ಕಾಕ್‌ಪಿಟ್ ತುಂಬ ವಿಷದ ಹೊಗೆ. ಪ್ರತಿ ತಂತಿಯ ಎರಡೂ ತುದಿಗೆ ಹೆಸರು ಬರೆಯಿರಿ. ನೆನಪಿರುತ್ತದೆ ಎಂದುಕೊಳ್ಳುವಿರಿ, ಇರುವುದಿಲ್ಲ.

ಸರ್ವೋಗಳು ಪರದೆಯೊಂದಿಗೆ ಮಾತನಾಡುವುದು ಕ್ಯಾನ್ ಬಸ್ (ಎಲ್ಲ ಉಪಕರಣಗಳೂ ಹಂಚಿಕೊಳ್ಳುವ ಎರಡು ತಂತಿಯ ಸಂದೇಶದ ಸಾಲು) ಮೂಲಕವಾದರೆ, ಸಾಲಿನ ಎರಡು ತುದಿಗಳಲ್ಲಿ ಮಾತ್ರ 120 ಓಮ್‌ನ ರೆಸಿಸ್ಟರ್ ಇರಬೇಕು. ವಿದ್ಯುತ್ ಆರಿಸಿ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟರೆ 60 ತೋರಿಸಬೇಕು. 120 ತೋರಿಸಿದರೆ ಒಂದು ತುದಿ ಬಿಟ್ಟುಹೋಗಿದೆ ಎಂದರ್ಥ. ನನ್ನದು 40 ತೋರಿಸಿತು. ಒಂದು ಸಂಜೆಯೆಲ್ಲ ಮೀಟರ್ ಕೆಟ್ಟಿದೆ ಎಂದು ಬೈದುಕೊಂಡ ಮೇಲೆ ಹೊಳೆಯಿತು, ನಡುವಿನ ಸರ್ವೋದ ಕನೆಕ್ಟರ್‌ನಲ್ಲೂ ಒಂದು ರೆಸಿಸ್ಟರ್ ಸೇರಿಸಿಬಿಟ್ಟಿದ್ದೆ: ಮೂರು ಸಮಾಂತರವಾದರೆ ಲೆಕ್ಕ ಸರಿಯಾಗಿ 40.

ದಿಕ್ಸೂಚಿ ಸಂವೇದಕದ, ಅಂದರೆ ಮ್ಯಾಗ್ನೆಟೋಮೀಟರ್‌ನ, ಜಾಗವನ್ನೂ ಈಗಲೇ ಗೊತ್ತುಮಾಡಿ. ಹಿತ್ತಾಳೆ ಸ್ಕ್ರೂ ಬಳಸಿ, ಸುತ್ತಮುತ್ತ ಉಕ್ಕು ಇರಬಾರದು ಎಂಬುದು ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ಹಾಯುವ ಕರೆಂಟು ಮರೆತುಹೋಗುತ್ತದೆ. ನಾನು ಅದನ್ನು ರೆಕ್ಕೆಯ ತುದಿಯ ಬಳಿ ಕೂರಿಸಿದ್ದೆ. ಲ್ಯಾಂಡಿಂಗ್ ದೀಪ ಹಾಕಿದೊಡನೆ ಪರದೆಯ ಮೇಲಿನ ದಿಕ್ಕು ಏಳು ಡಿಗ್ರಿ ಸರಿಯುತ್ತಿತ್ತು, ಆರಿಸಿದರೆ ವಾಪಸ್ಸು. ದೀಪಕ್ಕೆ ಹೋಗುವ ತಂತಿ ಒಂದೇ ಇತ್ತು, ಮರಳುವ ಕರೆಂಟು ರೆಕ್ಕೆಯ ಲೋಹದ ಮೂಲಕವೇ ಬರುತ್ತಿತ್ತು. ಹೋಗುವ ತಂತಿಗೆ ಬರುವ ತಂತಿಯನ್ನು ಹೆಣೆದುಬಿಟ್ಟರೆ ಎರಡರ ಕಾಂತಕ್ಷೇತ್ರಗಳೂ ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ. ನಾನು ಹಾಗೆ ಮಾಡಿದ ಮೇಲೆ ಸರಿಹೋಯಿತು. ನೀವು ಸಂವೇದಕವನ್ನು ಮೊದಲು ಟೇಪ್ ಹಚ್ಚಿ ತಾತ್ಕಾಲಿಕವಾಗಿ ನಿಲ್ಲಿಸಿ, ದೀಪಗಳು, ಪಿಟೋ ಹೀಟರ್ (ವೇಗ ಅಳೆಯುವ ಕೊಳವೆಯನ್ನು ಬಿಸಿ ಮಾಡುವುದು) ಎಲ್ಲವನ್ನೂ ಒಂದೊಂದಾಗಿ ಹಾಕಿ, ಏಲೆರಾನ್‌ಗಳನ್ನೂ ಅಲ್ಲಾಡಿಸಿ ನೋಡಿ. ಮುಳ್ಳು ಕದಲದಿದ್ದರೆ ಮಾತ್ರ ತೂತು ಕೊರೆಯಿರಿ.

ಆಂಟೆನಾಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೋಹದ ವಿಮಾನದಲ್ಲಿ ಹೊದಿಕೆಯೇ ಗ್ರೌಂಡ್ ಪ್ಲೇನ್ (ಆಂಟೆನಾಗೆ ಬೇಕಾದ ಲೋಹದ ತಳ) ಆಗುವುದರಿಂದ ನಿಮ್ಮ ಕೆಲಸ ಸುಲಭ. ರಡಾರ್‌ಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್‌ನದು ಏಳು ಸೆಂಟಿಮೀಟರ್ ಆಸುಪಾಸಿನ ಕಡ್ಡಿ, ಹೊಟ್ಟೆಯ ಕೆಳಗೆ ಇರಲಿ. ರೇಡಿಯೋ ಆಂಟೆನಾವನ್ನು ಸರ್ವೋ ತಂತಿಗಳಿಂದ ದೂರ ಇಡಿ. ಮೈಕ್ ಒತ್ತಿದಾಗಲೆಲ್ಲ ಸ್ಟಿಕ್ ಬೆಚ್ಚಿಬೀಳುವ ವಿಮಾನವೊಂದನ್ನು ಕಣ್ಣಾರೆ ಕಂಡಿದ್ದೇನೆ.

ಪ್ಯಾನೆಲ್ ಕತ್ತರಿಸುವ ಮೊದಲು ರಟ್ಟಿನಲ್ಲಿ ಮಾಡಿ, ಸೀಟಿನಲ್ಲಿ ಕುಳಿತು, ಬೆಲ್ಟನ್ನು ಬಿಗಿದುಕೊಂಡೇ ಕೈ ಚಾಚಿ ನೋಡಿ. ಆಟೋಪೈಲಟ್ ಬಿಡಿಸುವ ಗುಂಡಿ ಸ್ಟಿಕ್ ಮೇಲೇ ಇರಬೇಕು. ಅದರ ಬ್ರೇಕರ್ (ವಿದ್ಯುತ್ ಕಡಿಯುವ ಸ್ವಿಚ್ಚು) ಬೇರೆಯೇ ಇರಲಿ, ನೋಡದೆ ಕೈಗೆ ಸಿಗುವಂತಿರಲಿ. ಎಲೆಕ್ಟ್ರಿಕ್ ಟ್ರಿಮ್ (ಸ್ಟಿಕ್ ಮೇಲಿನ ಒತ್ತಡ ಇಳಿಸುವ ಹೊಂದಾಣಿಕೆ) ಇದ್ದರೆ ಅದಕ್ಕೂ ಹಾಗೆಯೇ. ತಾನಾಗಿ ಓಡುವ ಟ್ರಿಮ್ ಆಟೋಪೈಲಟ್‌ಗಿಂತ ಬೇಗ ಕೈ ಸೋಲಿಸುತ್ತದೆ.

ಎಲ್ಲ ಜೋಡಿಸಿದ ಮೇಲೆ ನೆಲದ ಮೇಲಿನ ಪರೀಕ್ಷೆಯಲ್ಲಿ ತಪ್ಪದೆ ನೋಡಬೇಕಾದದ್ದು ದಿಕ್ಕು. ಆಟೋಪೈಲಟ್ ಹಾಕಿ, ದಿಕ್ಕಿನ ಗುರುತನ್ನು ಬಲಕ್ಕೆ ತಿರುಗಿಸಿ. ಸ್ಟಿಕ್ ಬಲಕ್ಕೇ ಹೋಗಬೇಕು. ಸರ್ವೋವನ್ನು ಬೆಲ್‌ಕ್ರ್ಯಾಂಕ್‌ನ ಆಚೆ ಬದಿಗೆ ಕೂರಿಸಿದರೆ ಇದು ತಿರುಗುಮುರುಗಾಗುತ್ತದೆ, ಸೆಟ್ಟಿಂಗ್‌ನಲ್ಲಿ ಬದಲಿಸಬೇಕಾಗುತ್ತದೆ. ಅನಂತರ ಸ್ಟಿಕ್ಕನ್ನು ಬಲವಾಗಿ ಹಿಡಿದು ಸರ್ವೋವನ್ನು ಮೀರಿಸಿ ನೋಡಿ, ಎಷ್ಟು ಬಲ ಬೇಕಾಗುತ್ತದೆ ಎಂಬುದು ತೋಳಿಗೆ ಗೊತ್ತಾಗಲಿ.

ಮೊದಲ ಹಾರಾಟಗಳಲ್ಲಿ ಬ್ರೇಕರ್ ಎಳೆದಿಟ್ಟು ಕೈಯಲ್ಲೇ ಹಾರಿಸಿ. ಒಂದು ರೆಕ್ಕೆ ಭಾರವೆನಿಸಿದರೆ ಅದನ್ನು ಮೊದಲು ಸರಿಪಡಿಸಿ, ಆ ಭಾರವನ್ನು ಸರ್ವೋದ ತಲೆಗೆ ಕಟ್ಟಬೇಡಿ. ಆಮೇಲೆ ಶಾಂತ ಗಾಳಿಯಲ್ಲಿ ಆಟೋಪೈಲಟ್ ಹಾಕಿ, ಒಮ್ಮೆಗೆ ಒಂದೇ ಸೆಟ್ಟಿಂಗ್ ಬದಲಿಸಿ. ಎತ್ತರ ಹಿಡಿಯುವಾಗ ವಿಮಾನ ಮೇಲೆ ಕೆಳಗೆ ತೂಗಾಡಿದರೆ ಎಲ್ಲರೂ ಗೇನ್, ಅಂದರೆ ಆಟೋಪೈಲಟ್ ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕು ಎಂಬ ಸೆಟ್ಟಿಂಗ್, ತಿರುಚಲು ಹೋಗುತ್ತಾರೆ. ನನ್ನ ವಿಮಾನದಲ್ಲಿ ದೋಷ ಇದ್ದದ್ದು ಎಲಿವೇಟರ್ ರಾಡಿನ ತುದಿ ಬಿಗಿಯಾಗಿದ್ದುದರಲ್ಲಿ. ಸರ್ವೋ ತಳ್ಳುತ್ತಿತ್ತು, ಘರ್ಷಣೆ ತಡೆಯುತ್ತಿತ್ತು, ಬಿಟ್ಟಾಗ ಜಿಗಿದು ಅತಿಯಾಗುತ್ತಿತ್ತು. ಎತ್ತರ ಅಳೆಯಲು ಹೊರಗಿನ ಗಾಳಿಯ ಒತ್ತಡ ತರುವ ಸ್ಟ್ಯಾಟಿಕ್ ಕೊಳವೆಯ ಸೋರಿಕೆಯನ್ನೂ ಪರೀಕ್ಷಿಸಿ, ಎತ್ತರವೇ ತಪ್ಪಾಗಿ ಓದಿದರೆ ಆಟೋಪೈಲಟ್ ಆ ತಪ್ಪನ್ನೇ ನಿಷ್ಠೆಯಿಂದ ಹಿಡಿದುಕೊಳ್ಳುತ್ತದೆ.

ಯಾ ಡ್ಯಾಂಪರ್ ಎರಡು ಆಸನದ ವಿಮಾನಕ್ಕೆ ನನ್ನ ಮಟ್ಟಿಗೆ ಐಷಾರಾಮ, ನಿಮ್ಮ ಪಾದಗಳು ಆ ಕೆಲಸ ಮಾಡುತ್ತವೆ. ಆದರೂ ರಡ್ಡರ್ ಬಳಿಗೆ ಒಂದು ತಂತಿಗುಚ್ಛ ಎಳೆದಿಡುವುದಕ್ಕೆ ಈಗ ಅರ್ಧ ದಿನ ಸಾಕು. ಕ್ಯಾನ್ ಬಸ್‌ಗೆ ಜೋಡಿಸಬೇಡಿ, ತುದಿ ಮುಚ್ಚಿಟ್ಟರೆ ಆಯಿತು. ನಾನು ಎಳೆದಿಟ್ಟದ್ದು ಇಂದಿಗೂ ಬಾಲದೊಳಗೆ ಸುರುಳಿ ಸುತ್ತಿಕೊಂಡು ಮಲಗಿದೆ.